ಬಾಕ್ಸಿನ ಲೆಕ್ಕವಿದೆ, ರೋಗಿಯ ಲೆಕ್ಕವಿಲ್ಲ: ತಾಲ್ಲೂಕು ಮಟ್ಟದಲ್ಲಿ ವ್ಯಸನ ಚಿಕಿತ್ಸೆಯ ಅಗತ್ಯವನ್ನು ಅಳೆಯುವುದು ಹೇಗೆ?

ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ಕಳೆದ ತಿಂಗಳು ಎಷ್ಟು ಬಾಕ್ಸ್ ಮದ್ಯ ಮಾರಾಟವಾಯಿತು ಎಂಬ ಪ್ರಶ್ನೆಗೆ ಸರ್ಕಾರದ ಬಳಿ ಉತ್ತರ ಸಿದ್ಧವಾಗಿರುತ್ತದೆ. 2003ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೊಗಳಿಂದಲೇ ಸನ್ನದುದಾರರು ಸರಕು ಎತ್ತಬೇಕಾಗಿರುವುದರಿಂದ, ಯಾವ ಅಂಗಡಿಗೆ ಯಾವ ದಿನ ಎಷ್ಟು ಹೋಯಿತು ಎಂಬುದು ಅಲ್ಲಿ ದಾಖಲಾಗಿಯೇ ಇರುತ್ತದೆ. 2025–26ನೇ ಸಾಲಿನ ಬಜೆಟ್‌ನಲ್ಲಿ ಅಬಕಾರಿ ಬಾಬ್ತಿನಿಂದ ₹40,000 ಕೋಟಿ ಸಂಗ್ರಹಿಸುವ ಗುರಿ ಇಟ್ಟುಕೊಂಡ ಸರ್ಕಾರಕ್ಕೆ ಇಂಥ ಕರಾರುವಾಕ್ಕಾದ ಲೆಕ್ಕ ಬೇಕೇ ಬೇಕು. ಆದರೆ ಅದೇ ತಾಲ್ಲೂಕಿನಲ್ಲಿ ವೈದ್ಯರ ನೆರವಿಲ್ಲದೆ ಕುಡಿತ ನಿಲ್ಲಿಸಲಾಗದ ಸ್ಥಿತಿಗೆ ಬಂದವರು ಎಷ್ಟು ಮಂದಿ, ಅವರಲ್ಲಿ ಒಮ್ಮೆಯಾದರೂ ಚಿಕಿತ್ಸೆ ಪಡೆದವರು ಎಷ್ಟು, ಚಿಕಿತ್ಸೆ ಬೇಕೆಂದು ಮನೆಯಿಂದ ಹೊರಟರೆ ಅವರು ಎಷ್ಟು ದೂರ ಹೋಗಬೇಕು ಎಂದು ಕೇಳಿದರೆ, ಉತ್ತರಿಸಬಲ್ಲ ಕಚೇರಿಯನ್ನು ಹುಡುಕುವುದು ಕಷ್ಟ.

ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವ ಕೆಲಸಕ್ಕೆ ಸಾರ್ವಜನಿಕ ಆರೋಗ್ಯ ಕ್ಷೇತ್ರದಲ್ಲಿ ಅಗತ್ಯದ ಮೌಲ್ಯಮಾಪನ ಎನ್ನುತ್ತಾರೆ. ಅದರ ಮೊದಲ ಪಾಠವೆಂದರೆ ಅಗತ್ಯ ಬೇರೆ, ಬೇಡಿಕೆ ಬೇರೆ, ಈಗ ಇರುವ ಸೇವೆ ಬೇರೆ ಎಂಬುದು. ಚಿಕಿತ್ಸೆಯಿಂದ ಪ್ರಯೋಜನ ಪಡೆಯಬಲ್ಲ ಎಲ್ಲರದೂ ಅಗತ್ಯವೇ. ಅವರಲ್ಲಿ ಚಿಕಿತ್ಸೆ ಬೇಕೆಂದು ಬಾಗಿಲು ತಟ್ಟುವವರದು ಬೇಡಿಕೆ. ನಮ್ಮಲ್ಲಿ ಯೋಜನೆ ರೂಪುಗೊಳ್ಳುವುದು ಹೆಚ್ಚಾಗಿ ಮೂರನೆಯದರ ಮೇಲೆ, ಅಂದರೆ ಕಳೆದ ವರ್ಷ ಎಷ್ಟು ಜನ ಬಂದರು ಎಂಬುದರ ಮೇಲೆ. ಸೇವೆ ಇಲ್ಲದ ಕಡೆ ಯಾರೂ ಬರುವುದಿಲ್ಲ; ಯಾರೂ ಬರಲಿಲ್ಲವಾದ್ದರಿಂದ ಅಲ್ಲಿ ಸೇವೆ ಬೇಕಿಲ್ಲ ಎಂದು ಬರೆಯಲಾಗುತ್ತದೆ. ಈ ವರ್ತುಲದಲ್ಲಿ ಸಿಕ್ಕಿಕೊಂಡ ತಾಲ್ಲೂಕುಗಳೇ ಹೆಚ್ಚಿನ ನೆರವು ಬೇಕಿರುವ ತಾಲ್ಲೂಕುಗಳು ಎಂಬುದು ನನ್ನ ಖಚಿತ ಅಭಿಪ್ರಾಯ.

ರಾಷ್ಟ್ರ ಮಟ್ಟದ ಚಿತ್ರ ಸಾಕಷ್ಟು ಸ್ಪಷ್ಟವಾಗಿದೆ. ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಎರಡು ಲಕ್ಷ ಮನೆಗಳನ್ನು ತಲುಪಿತ್ತು. ದೇಶದಲ್ಲಿ 10ರಿಂದ 75 ವರ್ಷದೊಳಗಿನವರಲ್ಲಿ ಶೇ 14.6ರಷ್ಟು ಜನ ಮದ್ಯ ಸೇವಿಸುತ್ತಾರೆ, ಶೇ 5.2ರಷ್ಟು ಜನರಿಗೆ ಆ ಸೇವನೆಯಿಂದ ಹಾನಿಯಾಗುತ್ತಿದೆ ಅಥವಾ ಅವರು ಅದಕ್ಕೆ ದಾಸರಾಗಿದ್ದಾರೆ, ಶೇ 2.7ರಷ್ಟು ಜನ ಪೂರ್ಣ ಅವಲಂಬಿತರು ಎಂದು ಅದು ಅಂದಾಜಿಸಿತು. ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿತ್ತು. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು.

ಆದರೆ ರಾಷ್ಟ್ರೀಯ ಸರಾಸರಿಯನ್ನು ಹಿಡಿದು ಮಾನ್ವಿಗೋ ಮೂಡಿಗೆರೆಗೋ ಯೋಜನೆ ಮಾಡಲಾಗದು. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಮದ್ಯದ ಸಮಸ್ಯೆ ಇರುವವರಲ್ಲಿ ಶೇ 86ರಷ್ಟು ಜನರಿಗೆ ಚಿಕಿತ್ಸೆ ದೊರೆಯುತ್ತಿಲ್ಲ ಎಂದು ಹೇಳಿತು. ಅದರ ಪ್ರಾಯೋಗಿಕ ಹಂತ ನಮ್ಮ ಕೋಲಾರ ಜಿಲ್ಲೆಯಲ್ಲೇ ನಡೆದರೂ, ಮುಖ್ಯ ಸಮೀಕ್ಷೆಗೆ ಆಯ್ಕೆಯಾದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 15 ವರ್ಷ ಮೇಲ್ಪಟ್ಟ ಪುರುಷರಲ್ಲಿ ಶೇ 16.5ರಷ್ಟು, ಮಹಿಳೆಯರಲ್ಲಿ ಶೇ 0.9ರಷ್ಟು ಜನ ಮದ್ಯ ಸೇವಿಸುತ್ತಾರೆ. ಇದು ಮನೆ ಬಾಗಿಲಿಗೆ ಬಂದ ಅಪರಿಚಿತರ ಮುಂದೆ, ಅನೇಕ ವೇಳೆ ಮನೆಯವರು ಕೇಳಿಸಿಕೊಳ್ಳುತ್ತಿರುವಾಗ ಜನ ಕೊಟ್ಟ ಉತ್ತರ. ಕುಡಿಯುವವರೆಷ್ಟು ಎಂದು ಇದು ತಿಳಿಸುತ್ತದೆಯೇ ಹೊರತು, ಅವರಲ್ಲಿ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕೈ ನಡುಗುವವರು ಎಷ್ಟು ಮಂದಿ ಎಂಬುದನ್ನಲ್ಲ.

ಹಾಗಾದರೆ ತಾಲ್ಲೂಕಿನ ಲೆಕ್ಕವನ್ನು ಎಲ್ಲಿಂದ ತರುವುದು? ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಅಬಕಾರಿ ಇಲಾಖೆಯನ್ನೇ. ಭಾರತೀಯ ತಯಾರಿಕೆಯ ಮದ್ಯದ ಒಂದು ಬಾಕ್ಸ್ ಎಂದರೆ 180 ಮಿಲಿಲೀಟರಿನ 48 ಬಾಟಲಿ ಅಥವಾ ಪ್ಯಾಕ್, ಅಂದರೆ 8.64 ಲೀಟರ್. ಅದರಲ್ಲಿ ಆಲ್ಕೋಹಾಲಿನ ಪ್ರಮಾಣ ಶೇ 42.8 ಆಗಿರುವುದರಿಂದ ಒಂದು ಬಾಕ್ಸಿನಲ್ಲಿ ಸುಮಾರು 3.7 ಲೀಟರ್ ಶುದ್ಧ ಆಲ್ಕೋಹಾಲ್ ಇರುತ್ತದೆ. ತಾಲ್ಲೂಕಿನಲ್ಲಿ ವರ್ಷಕ್ಕೆ ಖರ್ಚಾದ ಬಾಕ್ಸುಗಳನ್ನು ಹೀಗೆ ಲೀಟರಿಗೆ ಇಳಿಸಿ, ಬಿಯರನ್ನೂ ಅದರ ಪ್ರಮಾಣಕ್ಕೆ ತಕ್ಕಂತೆ ಸೇರಿಸಿ, ವಯಸ್ಕರ ಸಂಖ್ಯೆಯಿಂದ ಭಾಗಿಸಿದರೆ ತಲಾ ಬಳಕೆ ಸಿಗುತ್ತದೆ. ಇನ್ನೂ ಹತ್ತಿರದಿಂದ ನೋಡುವುದಾದರೆ, ಕೂಲಿಕಾರರು ‘ನೈಂಟಿ’ ಎಂದು ಕೇಳಿ ಪಡೆಯುವ 90 ಮಿಲಿಲೀಟರಿನ ಪುಟ್ಟ ಟೆಟ್ರಾ ಪ್ಯಾಕಿನಲ್ಲಿ ಸುಮಾರು 30 ಗ್ರಾಂ ಆಲ್ಕೋಹಾಲ್ ಇರುತ್ತದೆ. ದಿನಕ್ಕೆ ಅಂಥ ಎರಡು ಪ್ಯಾಕ್, ಅಂದರೆ ಒಂದು ಕ್ವಾರ್ಟರ್ ಕುಡಿಯುವ ಗಂಡಸು 60 ಗ್ರಾಂ ಮುಟ್ಟುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ ಪುರುಷರಿಗೆ ಹೆಚ್ಚಿನ ಅಪಾಯವೆಂದು ಗುರುತಿಸುವ ಮಟ್ಟ ಅಲ್ಲಿಂದಲೇ ಶುರುವಾಗುತ್ತದೆ. ದಿನಗೂಲಿಯವರ ಬಡಾವಣೆಯ ಅಂಗಡಿಯಲ್ಲಿ ಈ ಚಿಕ್ಕ ಪ್ಯಾಕುಗಳೇ ಹೆಚ್ಚು ಖರ್ಚಾಗುತ್ತಿದ್ದರೆ, ಅದು ಮದುವೆ ಮನೆಯ ಖರೀದಿಯಲ್ಲ, ನಿತ್ಯದ ಕುಡಿತದ ಸುಳಿವು ಎಂದು ಓದಬಹುದು.

ಈ ಲೆಕ್ಕಕ್ಕೆ ಮಿತಿಗಳೂ ಇವೆ. ಮಾರಾಟವಾದ ಊರೇ ಕುಡಿದ ಊರಾಗಬೇಕಿಲ್ಲ. ಮಡಿಕೇರಿ, ಚಿಕ್ಕಮಗಳೂರಿನ ಮಾರಾಟದಲ್ಲಿ ಪ್ರವಾಸಿಗರ ಪಾಲಿದೆ. ಗೋವಾದ ಗಡಿಗೆ ಹತ್ತಿರದ ತಾಲ್ಲೂಕುಗಳಲ್ಲಿ ನಮ್ಮ ಡಿಪೊಗಳ ಲೆಕ್ಕಕ್ಕೆ ಸಿಗದ ಮದ್ಯವೂ ಒಳಗೆ ಬರುತ್ತದೆ. ಪಟ್ಟಣದ ಅಂಗಡಿಯ ಹೆಸರಿನಲ್ಲಿ ದಾಖಲಾದ ಬಾಕ್ಸುಗಳು ಹಳ್ಳಿಗಳ ಬೀಡಾ ಅಂಗಡಿ, ಕಿರಾಣಿ ಅಂಗಡಿಗಳಲ್ಲಿ ಅಕ್ರಮವಾಗಿ ಬಿಕರಿಯಾಗುತ್ತವೆ. ಆದ್ದರಿಂದ ಮಾರಾಟದ ಅಂಕಿಯನ್ನು ಆಸ್ಪತ್ರೆಯ ಅಂಕಿಯೊಂದಿಗೆ ಹೊಂದಿಸಿ ನೋಡಬೇಕು. ತೊಂದರೆ ಇರುವುದೇ ಆಸ್ಪತ್ರೆಯ ಅಂಕಿಯಲ್ಲಿ.

ತಾಲ್ಲೂಕು ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಅಪರೂಪವಲ್ಲದ ಒಂದು ಸಂದರ್ಭವನ್ನು ನೋಡೋಣ. ನಲವತ್ತರ ಆಸುಪಾಸಿನ ಗಾರೆ ಕೆಲಸದವರೊಬ್ಬರು ಬಿದ್ದು ಕಾಲು ಮುರಿದುಕೊಂಡು ದಾಖಲಾಗಿರುತ್ತಾರೆ. ಮೊದಲ ದಿನ ಎಲ್ಲವೂ ಸರಿ. ಎರಡನೆಯ ದಿನ ಬೆವರು, ಕೈನಡುಕ, ನಿದ್ದೆಯಿಲ್ಲ. ಮೂರನೆಯ ರಾತ್ರಿ ಹೊದಿಕೆಯ ಮೇಲಿಂದ ಇಲ್ಲದ ಇರುವೆಗಳನ್ನು ಆರಿಸತೊಡಗುತ್ತಾರೆ, ಕೆಲಸಕ್ಕೆ ಹೊತ್ತಾಯಿತೆಂದು ಮುರಿದ ಕಾಲಿನಲ್ಲೇ ಎದ್ದು ಹೊರಡಲು ನೋಡುತ್ತಾರೆ. ತಲೆಗೆ ಪೆಟ್ಟಾಗಿರಬಹುದೇ ಎಂದು ಗಾಬರಿಯಾದ ನರ್ಸ್‌ಗೆ ಪಕ್ಕದಲ್ಲಿ ಕುಳಿತ ಹೆಂಡತಿ ತಣ್ಣಗೆ ಹೇಳುತ್ತಾಳೆ: ‘ಸಿಸ್ಟರ್, ಇವ್ರಿಗೆ ಸೋಮವಾರದಿಂದ ಎಣ್ಣೆ ಹೊಟ್ಟೆಗೆ ಬಿದ್ದಿಲ್ಲ, ಅದಕ್ಕೇ ಹಿಂಗಾಡ್ತಾವ್ರೆ.’ ಅವಳ ರೋಗನಿರ್ಣಯ ಸರಿಯಾದದ್ದೇ. ಬಹುಕಾಲದ ಕುಡಿತ ಏಕಾಏಕಿ ನಿಂತಾಗ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಹೀಗೆ ಸನ್ನಿ ಹಿಡಿಯಬಹುದು, ಚಿಕಿತ್ಸೆ ಸಿಗದಿದ್ದರೆ ಪ್ರಾಣವೂ ಹೋಗಬಹುದು. ಡಯಾಜೆಪಾಮ್ ಅಥವಾ ಲೊರಾಜೆಪಾಮ್‌ನಂಥ ಔಷಧಿ, ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್ ಚುಚ್ಚುಮದ್ದು, ಜೊತೆಗೆ ಎಚ್ಚರದ ಶುಶ್ರೂಷೆ ದೊರೆತರೆ ಹೆಚ್ಚಿನವರು ಕೆಲವೇ ದಿನಗಳಲ್ಲಿ ಸುಧಾರಿಸಿಕೊಳ್ಳುತ್ತಾರೆ. ಆದರೆ ಅವರು ಮನೆಗೆ ಹೊರಡುವಾಗ ದಾಖಲೆಯಲ್ಲಿ ಉಳಿಯುವುದು ‘ಕಾಲಿನ ಮೂಳೆ ಮುರಿತ’ ಎಂಬ ಒಂದೇ ಸಾಲು. ಅದೇ ವಾರ್ಡಿನ ಇನ್ನೊಬ್ಬರು ಹೊಟ್ಟೆನೋವು, ಮತ್ತೊಬ್ಬರು ಕಾಮಾಲೆ, ತುರ್ತು ವಿಭಾಗಕ್ಕೆ ಬಂದವರು ಬೈಕ್ ಅಪಘಾತ ಎಂದು ದಾಖಲಾಗುತ್ತಾರೆ. ವರ್ಷದ ಕೊನೆಗೆ ಆ ಆಸ್ಪತ್ರೆಯ ವರದಿಯಲ್ಲಿ ಮದ್ಯದ ರೋಗಿಗಳು ಬೆರಳೆಣಿಕೆಯಷ್ಟೇ ಕಾಣುತ್ತಾರೆ.

ಅಡಗಿದ್ದ ಈ ಅಗತ್ಯ ಒಮ್ಮೆ ಎಲ್ಲರ ಕಣ್ಣಿಗೂ ಬಿದ್ದಿತ್ತು. 2020ರ ಮಾರ್ಚ್ ಕೊನೆಯ ವಾರ ಲಾಕ್‌ಡೌನ್ ಜಾರಿಯಾಗಿ ಮದ್ಯದಂಗಡಿಗಳು ಮುಚ್ಚಿದಾಗ, ಕುಡಿತ ಹಠಾತ್ತನೆ ನಿಂತು ಗಂಭೀರ ಸ್ಥಿತಿಗೆ ತಲುಪಿದವರ ಸಂಖ್ಯೆ ಬೆಂಗಳೂರಿನ ಆಸ್ಪತ್ರೆಗಳಲ್ಲಿ ಸರಿಸುಮಾರು ಇಮ್ಮಡಿಯಾಯಿತೆಂದು ಅಲ್ಲಿನ ದಾಖಲೆಗಳನ್ನು ಪರಿಶೀಲಿಸಿದ ವೈದ್ಯರು ವರದಿ ಮಾಡಿದರು. ರಾಜ್ಯದ ಬೇರೆ ಬೇರೆ ಕಡೆಯಿಂದ ಆತ್ಮಹತ್ಯೆಯ ಸುದ್ದಿಗಳೂ ಬಂದವು. ಮೇ 4ರಂದು ಅಂಗಡಿಗಳು ತೆರೆದಾಗ ಕಂಡ ಸರತಿ ಸಾಲುಗಳು ನಗೆಚಾಟಿಕೆಯ ವಸ್ತುವಾದವು. ಆ ಸಾಲಿನಲ್ಲಿ ನಡುಗುವ ಕೈಗಳಿಗೆ ಔಷಧಿಯಂತೆ ಮದ್ಯ ಹುಡುಕಿಕೊಂಡು ಬಂದು ನಿಂತವರೂ ಇದ್ದರು ಎಂಬುದನ್ನು ಗಮನಿಸಿದವರು ಕಡಿಮೆ. ಆ ಆರು ವಾರಗಳಲ್ಲಿ ಯಾವ ತಾಲ್ಲೂಕು ಆಸ್ಪತ್ರೆಗೆ ಎಷ್ಟು ಜನ ಫಿಟ್ಸ್ ಬಂದು ದಾಖಲಾದರು ಎಂಬುದನ್ನು ಹಳೆಯ ರಿಜಿಸ್ಟರುಗಳಿಂದ ಈಗಲೂ ತೆಗೆಯಬಹುದು. ನಮಗೆ ಸಿಗಬಹುದಾದ ಅತ್ಯಂತ ಪ್ರಾಮಾಣಿಕ ಸಮೀಕ್ಷೆ ಅದೇ ಎಂದು ನಾನು ನಂಬಿದ್ದೇನೆ.

ಅಂಕಿಗಳು ಕೈಗೆ ಬಂದ ಮೇಲೆ ಅವುಗಳಿಂದ ಸೇವೆಯ ಪ್ರಮಾಣವನ್ನು ಲೆಕ್ಕಹಾಕುವ ದಾರಿಯೂ ಇದೆ. ಕೆನಡಾದ ಸಂಶೋಧಕ ಬ್ರಯನ್ ರಶ್ 1990ರಲ್ಲಿ ಪ್ರಕಟಿಸಿದ ಮಾದರಿ ಈ ಕ್ಷೇತ್ರದಲ್ಲಿ ಇಂದಿಗೂ ಬಳಕೆಯಲ್ಲಿದೆ. ಅಗತ್ಯವಿರುವ ಎಲ್ಲರೂ ಒಂದೇ ವರ್ಷದಲ್ಲಿ ಚಿಕಿತ್ಸೆಗೆ ಬರುವುದಿಲ್ಲ, ಸುಮಾರು ಶೇ 15ರಷ್ಟು ಜನರಿಗಾದರೂ ಸೇವೆ ಸಿದ್ಧವಿರಬೇಕು ಎಂದು ಅದು ಎಣಿಸುತ್ತದೆ. ಇದನ್ನು ನಮ್ಮಲ್ಲಿಗೆ ಅನ್ವಯಿಸಿ ನೋಡೋಣ. ಎರಡೂವರೆ ಲಕ್ಷ ಜನಸಂಖ್ಯೆಯ ಒಂದು ತಾಲ್ಲೂಕು ಎಂದುಕೊಳ್ಳಿ. ಅದರಲ್ಲಿ 10ರಿಂದ 75 ವರ್ಷದವರು ಸುಮಾರು ಎರಡು ಲಕ್ಷ. ರಾಷ್ಟ್ರೀಯ ಸರಾಸರಿಯನ್ನೇ ತಾತ್ಕಾಲಿಕವಾಗಿ ಹಿಡಿದರೆ ಪೂರ್ಣ ಅವಲಂಬಿತರು 5,400. ಈಗಿನಂತೆ 38ರಲ್ಲಿ ಒಬ್ಬರು ಬಂದರೆ 142 ಜನ; ಶೇ 15ರಷ್ಟು ಜನ ಬರುವಂತಾದರೆ 810. ಆ 810ರಲ್ಲಿ ಐವರಿಗೊಬ್ಬರಿಗೆ ಎರಡು ವಾರಗಳ ದಾಖಲಾತಿ ಬೇಕಾಯಿತು ಎಂದಿಟ್ಟುಕೊಂಡರೆ, 162 ಜನರಿಗೆ ವರ್ಷವಿಡೀ ಸರದಿಯಂತೆ ಬೇಕಾಗುವುದು ಆರೇಳು ಹಾಸಿಗೆ ಮಾತ್ರ. ದೊಡ್ಡ ಕಟ್ಟಡವೇನೂ ಬೇಕಿಲ್ಲ, ಈಗಿರುವ ತಾಲ್ಲೂಕು ಆಸ್ಪತ್ರೆಯ ಒಂದು ಕೊಠಡಿ ಸಾಕು.

ಕಷ್ಟ ಇರುವುದು ಹಾಸಿಗೆಯಲ್ಲಲ್ಲ, ಹೊರರೋಗಿ ಸೇವೆಯಲ್ಲಿ. ಕುಡಿತ ಬಿಟ್ಟವರು ಮತ್ತೆ ಜಾರದಂತೆ ನೋಡಿಕೊಳ್ಳಲು ವರ್ಷಕ್ಕೆ ಎಂಟು ಬಾರಿಯಾದರೂ ಅವರನ್ನು ಕಾಣಬೇಕು ಎಂದಾದರೆ 810 ಜನರಿಗೆ 6,480 ಭೇಟಿಗಳಾದವು. 2014ರಲ್ಲಿ ಆರಂಭವಾದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ನಮ್ಮ ರಾಜ್ಯದ ಹೆಮ್ಮೆಯ ಹೆಜ್ಜೆ. ಆದರೆ ವರ್ಷದ 52 ಮಂಗಳವಾರಗಳಿಗೆ ಈ ಭೇಟಿಗಳನ್ನು ಹಂಚಿದರೆ ಒಂದು ಮಂಗಳವಾರಕ್ಕೆ 125 ರೋಗಿಗಳು. ಒಬ್ಬೊಬ್ಬರಿಗೆ ಕಾಲು ಗಂಟೆ ಕೊಟ್ಟರೂ 31 ಗಂಟೆ ಬೇಕು. ಖಿನ್ನತೆ, ಸ್ಕಿಜೋಫ್ರೇನಿಯಾ, ಮೂರ್ಛೆರೋಗದವರು ಇನ್ನೂ ಹೊರಗೆ ಸಾಲಿನಲ್ಲೇ ಇರುತ್ತಾರೆ. ಈ ಒಂದು ಗುಣಾಕಾರವೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ತರಬೇತಿ, ಕನಿಷ್ಠ ಇಬ್ಬರು ಆಪ್ತಸಮಾಲೋಚಕರು ಮತ್ತು ನಿರಂತರ ಔಷಧಿ ಪೂರೈಕೆ ಇಲ್ಲದೆ ಕೆಲಸ ಆಗದು ಎಂಬುದನ್ನು ತೋರಿಸಿಕೊಡುತ್ತದೆ. ಪ್ರಾಥಮಿಕ ಕೇಂದ್ರದ ವೈದ್ಯರಿಂದ ಮಾನಸಿಕ ಆರೋಗ್ಯ ಸೇವೆ ಕೊಡಿಸಬಹುದೆಂದು 1980ರ ದಶಕದಲ್ಲಿ ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮದೇ ಬಳ್ಳಾರಿ ಜಿಲ್ಲೆ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಆ ಪ್ರಯೋಗವೇ.

ಮಾದಕ ವಸ್ತುಗಳ ವಿಷಯದಲ್ಲಿ ಮಾರಾಟದ ಲೆಕ್ಕವೇ ಇರುವುದಿಲ್ಲ. ಮಂಗಳೂರು, ಬೆಂಗಳೂರಿನಲ್ಲಿ ಗಾಂಜಾ ಮತ್ತು ಎಂಡಿಎಂಎ, ರೈಲು ನಿಲ್ದಾಣಗಳ ಸುತ್ತ ಅಲೆಯುವ ಮಕ್ಕಳಲ್ಲಿ ಪಂಕ್ಚರ್ ಸಲ್ಯೂಷನ್, ಅಲ್ಲಲ್ಲಿ ನೋವುನಿವಾರಕ ಮಾತ್ರೆಗಳ ದುರ್ಬಳಕೆ ಎಂದು ಚಿತ್ರ ಒಡೆದುಕೊಂಡಿದೆ. ಪೊಲೀಸರು ವಶಪಡಿಸಿಕೊಂಡ ಕಿಲೋಗ್ರಾಂಗಳು ಪೊಲೀಸರ ಚಟುವಟಿಕೆಯನ್ನು ತೋರಿಸುತ್ತವೆ, ಬಳಕೆದಾರರ ಸಂಖ್ಯೆಯನ್ನಲ್ಲ. ಅಡಗಿರುವವರನ್ನು ಎಣಿಸಲು ಕೆರೆಯ ಮೀನು ಎಣಿಸುವವರ ಉಪಾಯವೊಂದಿದೆ. ಒಮ್ಮೆ ಹಿಡಿದ ಮೀನುಗಳಿಗೆ ಗುರುತು ಹಾಕಿ ಬಿಟ್ಟು, ಮತ್ತೊಮ್ಮೆ ಬಲೆ ಬೀಸಿದಾಗ ಅದರಲ್ಲಿ ಗುರುತಿನ ಮೀನುಗಳೆಷ್ಟು ಎಂದು ನೋಡಿ ಕೆರೆಯ ಒಟ್ಟು ಮೀನನ್ನು ಅಂದಾಜಿಸುತ್ತಾರೆ. ಆಸ್ಪತ್ರೆಯ ಪಟ್ಟಿಯಲ್ಲಿ 120, ಸ್ವಯಂಸೇವಾ ಸಂಸ್ಥೆಯೊಂದರ ಪಟ್ಟಿಯಲ್ಲಿ 80 ಜನರಿದ್ದು, ಎರಡರಲ್ಲೂ ಇರುವವರು 16 ಎಂದಾದರೆ, ಒಟ್ಟು ಬಳಕೆದಾರರು 120ನ್ನು 80ರಿಂದ ಗುಣಿಸಿ 16ರಿಂದ ಭಾಗಿಸಿದಷ್ಟು, ಅಂದರೆ 600ರ ಆಸುಪಾಸು. ಎರಡು ಪಟ್ಟಿಗಳು ಒಂದನ್ನೊಂದು ಅವಲಂಬಿಸಿರಬಾರದು ಎಂಬುದು ಇದರ ಷರತ್ತು.

ಅದಕ್ಕಿಂತ ದೊಡ್ಡ ಷರತ್ತು ಗೋಪ್ಯತೆಯದು. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಸೇವನೆಯೂ ಅಪರಾಧ. ಆದರೆ ಅದೇ ಕಾಯ್ದೆಯ 64ಎ ಕಲಂ, ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ಸೇವನೆ ಮತ್ತು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ವಿಚಾರಣೆಯಿಂದ ರಕ್ಷಣೆ ನೀಡುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯ ವ್ಯಾಖ್ಯೆಯೊಳಗೆ ತಂದು, ಚಿಕಿತ್ಸೆಯನ್ನೂ ಗೋಪ್ಯತೆಯನ್ನೂ ಹಕ್ಕಾಗಿಸಿದೆ. ಅಗತ್ಯ ಅಳೆಯುವ ನೆಪದಲ್ಲಿ ಸಿದ್ಧವಾದ ಹೆಸರುಗಳ ಪಟ್ಟಿ ಠಾಣೆಯ ಮೇಜಿಗೆ ಒಮ್ಮೆ ಹೋದರೂ ಸಾಕು, ಆ ಊರಿನಲ್ಲಿ ಯಾರೂ ಮತ್ತೆ ಚಿಕಿತ್ಸೆಗೆ ಬರುವುದಿಲ್ಲ.

ಅಂಕಿಗಳಿಗೆ ದಕ್ಕದ ವಿಷಯವನ್ನು ಜನರಿಂದಲೇ ಕೇಳಬೇಕು. ಆಶಾ ಕಾರ್ಯಕರ್ತೆಗೆ ತನ್ನ ಬೀದಿಯ ಯಾವ ಮನೆಯಲ್ಲಿ ತೊಂದರೆಯಿದೆ ಎಂಬುದು ಗೊತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ‘ಆಡಿಟ್’ ಪ್ರಶ್ನಾವಳಿ ಚೆನ್ನಾಗಿ ಪರೀಕ್ಷೆಗೊಳಪಟ್ಟ ಸಾಧನ, ಅದನ್ನು ಬಳಸಲೇಬೇಕು. ಅದರ ಜೊತೆಗೆ ನಮ್ಮ ಊರುಗಳಿಗೆ ಸಹಜವಾದ ಒಂದು ಪ್ರಶ್ನೆಯನ್ನೂ ಕೇಳಬಹುದು: ‘ಮಾಲೆ ಹಾಕಿದಾಗ ಏನಾಗುತ್ತೆ?’ ಅಯ್ಯಪ್ಪ ಮಾಲೆ ಧರಿಸಿ 41 ದಿನ ಮದ್ಯ ಮುಟ್ಟದೆ ಇರುವ ಗಂಡಸರು ಪ್ರತಿ ಊರಿನಲ್ಲೂ ಇದ್ದಾರೆ. ಮೈನಡುಕವಿಲ್ಲದೆ ವ್ರತ ಮುಗಿಸಿ ಬರುವವರಿಗೆ ಆಪ್ತಸಮಾಲೋಚನೆ ಸಾಕಾಗಬಹುದು. ಮಾಲೆ ಹಾಕಬೇಕೆಂಬ ಆಸೆ ಇದ್ದರೂ ಮೂರನೆಯ ದಿನಕ್ಕೆ ತಡೆಯಲಾಗದೆ ಬಿಟ್ಟವರು, ಅಥವಾ ಹಾಕುವ ಧೈರ್ಯವನ್ನೇ ಮಾಡದವರು ವೈದ್ಯರ ಹತ್ತಿರ ಬರಬೇಕಾದವರು. ಇದು ರೋಗನಿರ್ಣಯವಲ್ಲ, ಮಾತು ಶುರು ಮಾಡುವ ದಾರಿ; ‘ನೀವು ಕುಡುಕರೇ?’ ಎಂದು ಯಾರನ್ನೂ ಅವಮಾನಿಸದೆ ವಿಷಯಕ್ಕೆ ಬರಲು ಇದು ನೆರವಾಗುತ್ತದೆ.

ಹೆಣ್ಣುಮಕ್ಕಳನ್ನು ಎರಡು ಕಾರಣಕ್ಕೆ ಕೇಳಬೇಕು. ಕುಡಿಯುವ ಮಹಿಳೆಯರು ಸಮೀಕ್ಷೆಯವರ ಮುಂದೆ ಒಪ್ಪಿಕೊಳ್ಳುವುದಿಲ್ಲ, ಗಂಡಸರೇ ತುಂಬಿದ ಕೇಂದ್ರಕ್ಕೆ ದಾಖಲಾಗುವುದೂ ಇಲ್ಲ. ಕಾಫಿ ತೋಟದ ಲೈನ್ ಮನೆಗಳಲ್ಲಿ, ಆದಿವಾಸಿ ಹಾಡಿಗಳಲ್ಲಿ ರಾಜ್ಯದ ಶೇ 0.9 ಎಂಬ ಸರಾಸರಿ ಅಷ್ಟೇನೂ ಅರ್ಥ ಕೊಡದು. ಎರಡನೆಯದಾಗಿ, ಗಂಡನ ಕುಡಿತದ ಲೆಕ್ಕವನ್ನು ಚಾಚೂ ತಪ್ಪದೆ ಇಟ್ಟವಳು ಹೆಂಡತಿ. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾದ ಮೇಲೂ ಕುಡಿತ ಪ್ಯಾಕೆಟ್‌ನಿಂದ ಬಾಟಲಿಗೆ ಬದಲಾಯಿತೇ ಹೊರತು ನಿಲ್ಲಲಿಲ್ಲ ಎಂದು ಹೇಳುತ್ತ, 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದರು. ನಿಷೇಧದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಆ ನಡಿಗೆಯಲ್ಲಿದ್ದ ಒಬ್ಬೊಬ್ಬರ ಹಿಂದೆಯೂ ಒಂದು ಮನೆಯ ಸಂಕಟವಿತ್ತು. ಚಿಕಿತ್ಸೆ ಹತ್ತಿರದಲ್ಲಿಲ್ಲದ ಕಡೆ ಹೆಂಡತಿಯರು ಗಂಡನಿಗೆ ತಿಳಿಯದಂತೆ ಊಟದಲ್ಲಿ ‘ಬಿಡಿಸೋ ಔಷಧಿ’ ಬೆರೆಸುತ್ತಾರೆ. ಅದು ಡೈಸಲ್ಫಿರಾಮ್ ಮಾತ್ರೆಯಾಗಿದ್ದು, ಗಂಡ ಅದರ ಮೇಲೆ ಕುಡಿದರೆ ಜೀವಕ್ಕೇ ಅಪಾಯ. ಇಂಥ ಔಷಧಿ ಎಷ್ಟು ಮನೆಗಳಿಗೆ ಹೋಗಿದೆ ಎಂಬುದೂ ಅಗತ್ಯದ ಒಂದು ಅಳತೆಯೇ.

ಕೊನೆಗೆ, ಈಗಿರುವ ಸೇವೆಯನ್ನು ಎಣಿಸುವಾಗಲೂ ಎಚ್ಚರ ಬೇಕು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಹಳ್ಳಿಹಳ್ಳಿಗಳಲ್ಲಿ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳು ಸರ್ಕಾರಿ ವ್ಯವಸ್ಥೆ ತಲುಪದ ಅನೇಕರನ್ನು ತಲುಪಿವೆ. ಶಿಬಿರದ ನಂತರದ ನಿಗಾ ಯಾರದು, ಫಿಟ್ಸ್ ಬರುವ ಸಂಭವವಿರುವವರನ್ನು ಮೊದಲೇ ಗುರುತಿಸಿ ಆಸ್ಪತ್ರೆಗೆ ಕಳಿಸುವ ಕೊಂಡಿ ಎಲ್ಲಿದೆ ಎಂಬುದನ್ನು ತಾಲ್ಲೂಕಿನ ಯೋಜನೆ ಸ್ಪಷ್ಟಪಡಿಸಬೇಕು. ಖಾಸಗಿ ಪುನರ್ವಸತಿ ಕೇಂದ್ರಗಳ ಹಾಸಿಗೆಗಳನ್ನು ಎಣಿಸುವಾಗ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿತವಾದವನ್ನು ಮಾತ್ರ ಪರಿಗಣಿಸಬೇಕು. ಬೀಗ ಹಾಕಿ ಕೂಡಿಹಾಕುವ ಕೋಣೆ ಚಿಕಿತ್ಸೆಯ ಲೆಕ್ಕಕ್ಕೆ ಬಾರದು. ಕೇಂದ್ರ ಸರ್ಕಾರವೂ ಕೇಂದ್ರಗಳೇ ಇಲ್ಲದ ಜಿಲ್ಲೆಗಳನ್ನು ‘ಗ್ಯಾಪ್ ಜಿಲ್ಲೆ’ ಎಂದು ಗುರುತಿಸಿ ಜಿಲ್ಲಾ ವ್ಯಸನಮುಕ್ತಿ ಕೇಂದ್ರಗಳನ್ನು ಕೊಡುತ್ತಿದೆ. ಒಳ್ಳೆಯದೇ, ಆದರೆ ಒಂದು ಕೇಂದ್ರ ಬಂದ ಕೂಡಲೇ ಜಿಲ್ಲೆಯ ಅಂತರ ತುಂಬಿತು ಎಂದಾಗದು.

ತಾಲ್ಲೂಕುಗಳ ಕೊರತೆಯನ್ನು ಅಳೆದು ಸಾಲಾಗಿ ನಿಲ್ಲಿಸುವ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳನ್ನು ಹಿಡಿದು ಆಗಿನ 175 ತಾಲ್ಲೂಕುಗಳನ್ನು ಪರಿಶೀಲಿಸಿ, 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಹೆಸರಿಸಿ ತೋರಿಸಿತು. ಅನುದಾನದ ಚರ್ಚೆ ಇಂದಿಗೂ ಆ ಪಟ್ಟಿಯನ್ನು ಬಿಟ್ಟು ನಡೆಯುವುದಿಲ್ಲ. ತಲಾ ಆಲ್ಕೋಹಾಲ್ ಬಳಕೆ, ಫಿಟ್ಸ್ ಮತ್ತು ಸನ್ನಿಯ ದಾಖಲಾತಿ, 108 ಆಂಬುಲೆನ್ಸ್ ಕರೆಗಳು, ಕಾಮಾಲೆಯ ಸಾವುಗಳು, ಹತ್ತಿರದ ಚಿಕಿತ್ಸಾ ಕೇಂದ್ರಕ್ಕಿರುವ ದೂರ, ಮಹಿಳೆಯರಿಗೆ ಮೀಸಲಾದ ಹಾಸಿಗೆ ಎಂಬ ಆರೇಳು ಸೂಚಕಗಳಿಂದ ವ್ಯಸನ ಚಿಕಿತ್ಸೆಗೂ ಅಂಥದ್ದೇ ಪಟ್ಟಿ ಮಾಡಬಹುದು. ಅದಕ್ಕೆ ಬೇಕಾದ ಮಾಹಿತಿಯಲ್ಲಿ ಹೆಚ್ಚಿನದು ಬೇರೆ ಬೇರೆ ಇಲಾಖೆಗಳ ಬಳಿ ಆಗಲೇ ಇದೆ. ಇಲ್ಲದಿರುವುದು ಆಸ್ಪತ್ರೆಯ ಒಳರೋಗಿ ರಿಜಿಸ್ಟರಿನಲ್ಲಿ ‘ಕೊನೆಯ ಸಲ ಕುಡಿದದ್ದು ಯಾವಾಗ?’ ಎಂಬ ಒಂದು ಕಾಲಂ. ಅದನ್ನು ಸೇರಿಸಲು ಬೇಕಿರುವುದು ಆರೋಗ್ಯ ಇಲಾಖೆಯ ಒಂದು ಸುತ್ತೋಲೆ ಮತ್ತು ದಾಖಲಾತಿಯ ಹೊತ್ತಿನಲ್ಲಿ ನರ್ಸ್ ಕೇಳಬೇಕಾದ ಒಂದು ಪ್ರಶ್ನೆ. ಕಾಲು ಮುರಿದುಕೊಂಡು ಬಂದ ಆ ಗಾರೆ ಕೆಲಸದವರನ್ನು ಮೊದಲ ದಿನವೇ ಹೀಗೆ ಕೇಳಿದ್ದರೆ, ಮೂರನೆಯ ರಾತ್ರಿಯ ಸನ್ನಿಯನ್ನು ಬಹುಶಃ ತಡೆಯಬಹುದಿತ್ತು, ವರ್ಷದ ಲೆಕ್ಕದಲ್ಲಿ ಅವರೂ ಇರುತ್ತಿದ್ದರು.